ಅಂಗಳದಲ್ಲಿ ಬಿಚ್ಚಿಕೊಂಡ ಸುರುಳಿ

ಆ ಫಿಲ್ಮಿನ ಸುರುಳಿಯನ್ನು ಬಿಸಿಲಿನಲ್ಲಿ ಬಿಚ್ಚಿದವರು ಯಾರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಅಪ್ಪ ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ನೀನೇ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಅಪ್ಪನನ್ನು ಕೇಳಿದರೆ ಅಂಥದ್ದೊಂದು ಮನೆಗೆ ಬಂದದ್ದೇ ನೆನಪಿಲ್ಲ ಎನ್ನುತ್ತಿದ್ದರು. ತಮಗೆ ಬೇಡವಾದದ್ದು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲವಾದ್ದರಿಂದ ಅದನ್ನು ಸಾಕ್ಷಿಯೆಂದು ಹಿಡಿಯಲಾರೆ. ನನ್ನ ಕಣ್ಣಿಗೆ ಆ ಮಧ್ಯಾಹ್ನ ಈಗಲೂ ಸ್ವಚ್ಛವಾಗಿ ಕಾಣುತ್ತದೆ: ಅಪ್ಪನ ಹೆಬ್ಬೆರಳು, ಕಪ್ಪು ಕಾಗದದ ತುದಿ, ಅಂಗಳದ ಬಿಸಿಲು. ಇಷ್ಟು ಸ್ವಚ್ಛವಾಗಿ ಕಾಣುವುದರಿಂದಲೇ ಅದರ ಮೇಲೆ ನನಗೆ ಅನುಮಾನ. ಬೇರೆ ಮಧ್ಯಾಹ್ನಗಳೆಲ್ಲ ಮಸುಕಾಗಿರುವಾಗ ಇದೊಂದೇ ಯಾಕೆ ಇಷ್ಟು ಚೊಕ್ಕಟವಾಗಿ ಉಳಿಯಬೇಕು? ಯಾರೋ ಕೂತು ತಿದ್ದಿ ಇಟ್ಟಂತಿದೆ. ತಿದ್ದಿದವನು ನಾನಲ್ಲದೆ ಇನ್ನಾರು?

ಶಿಗ್ಗಾಂವಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಹತ್ತಿ ತುಂಬಿದ ದೊಡ್ಡ ಚೀಲಗಳಿಗೆ ಅಂಡಿಗೆ ಎನ್ನುತ್ತಿದ್ದರು. ಅಂಡಿಗೆ ಹೇರಿದ ಬಂಡಿ ಅಂಗಳಕ್ಕೆ ಬಂದು ನಿಂತರೆ ಅಪ್ಪ ರೈತನ ಯೋಗಕ್ಷೇಮ ಕೇಳುತ್ತಲೇ ಹೊಲಿಗೆಯ ನಡುವೆ ಎರಡು ಬೆರಳು ತೂರಿಸಿ, ಆಳದಿಂದ ಒಂದು ಹಿಡಿ ಹತ್ತಿ ಕೀಳುತ್ತಿದ್ದರು. ಅದನ್ನು ನೆರಳಿನಲ್ಲಿ ನೋಡುತ್ತಿರಲಿಲ್ಲ. ಅಂಗಳದ ನಟ್ಟನಡುವೆ ಬಿಸಿಲಿಗೆ ಒಯ್ದು, ಎಳೆ ಹಿಂಜಿ, ಹಸಿ ಇದೆಯೋ, ಕಸ ಇದೆಯೋ, ಹಳೆಯ ಮಾಲು ಬೆರೆಸಿದ್ದಾರೋ ಎಂದು ಪರೀಕ್ಷಿಸುತ್ತಿದ್ದರು. "ಮ್ಯಾಲಿಂದು ತೋರಸಾಕ ಇರತೈತಿ, ಒಳಗಿಂದು ಮುಚ್ಚಾಕ ಇರತೈತಿ" ಎಂಬುದು ಅವರ ಮಾತು. ಬೆಲ್ಲದ ಪೆಂಟೆ, ಸೀರೆಯ ಗಂಟು, ಔಷಧದ ಪುಡಿಕೆ, ಏನೇ ಬಂದರೂ ಅಂಗಳದ ಬಿಸಿಲಿನಲ್ಲಿ ಬಿಚ್ಚಿಕೊಂಡ ಮೇಲೆಯೇ ಅದಕ್ಕೆ ಹೊಸ್ತಿಲು ದಾಟುವ ಅಪ್ಪಣೆ. ಈ ಪದ್ಧತಿಯಿಂದ ನಮ್ಮ ಮನೆಯವರು ಮೋಸ ಹೋದದ್ದು ಕಡಿಮೆ. ಅದಕ್ಕಾಗಿಯೇ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಮೂರನೆಯದೋ ನಾಲ್ಕನೆಯದೋ ವರ್ಷ. ನಾನು ಮುಂಬಯಿಯಲ್ಲಿ ರಸಾಯನಶಾಸ್ತ್ರ ಓದಿ, ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ ಮನೆಗೆ ಬಂದಿದ್ದೆ. ಊರಿನಲ್ಲಿ ನನ್ನ ಪದವಿಯಿಂದ ಆಗುತ್ತಿದ್ದ ಕೆಲಸವೆಂದರೆ ಮಂದಿಯ ಮಾತಿನಲ್ಲಿ ಸುಳ್ಳು ಹುಡುಕುವುದು. ಜ್ಯೋತಿಷಿ, ನಾಟಿವೈದ್ಯ, ಬಾವಿಗೆ ನೀರು ತೋರಿಸುವವನು, ಒಬ್ಬರನ್ನೂ ನಾನು ಬಿಡುತ್ತಿರಲಿಲ್ಲ. ಅಪ್ಪ ಬೆರಳು ಹಾಕಿ ಮಾಡುತ್ತಿದ್ದುದನ್ನೇ ನಾನು ಬಾಯಿ ಹಾಕಿ ಮಾಡುತ್ತಿದ್ದೆ ಎಂದು ಆಗ ಹೊಳೆದಿರಲಿಲ್ಲ.

ಅಕ್ಕನನ್ನು ಹಾನಗಲ್ಲಿಗೆ ಕೊಟ್ಟಿತ್ತು. ಭಾವ ಸೈನ್ಯಕ್ಕೆ ಸೇರಿ ಸಮುದ್ರ ದಾಟಿ ಹೋದಾಗ ಅಕ್ಕ ಬಸುರಿ. ತವರಿಗೆ ಬಂದು ಹೆಣ್ಣು ಹಡೆದಳು. ಕೂಸಿಗೆ ಏಳು ತಿಂಗಳಾಗಿದ್ದಾಗ ಭಾವನ ಪತ್ರ ಬಂತು. ಸರಕಾರದವರು ಅಲ್ಲಲ್ಲಿ ಸಾಲುಗಳ ಮೇಲೆ ಕಪ್ಪು ಮಸಿ ಬಳಿದಿದ್ದರು. ಮಸಿ ತಾಗದೆ ಉಳಿದದ್ದರಲ್ಲಿ ಒಂದು ಮಾತು: ಇಲ್ಲಿಂದ ನಮ್ಮನ್ನು ಮುಂದೆ ಒಯ್ಯುತ್ತಾರೆ, ಎಲ್ಲಿಗೆಂದು ಹೇಳುವುದಿಲ್ಲ, ಅದಕ್ಕೆ ಮೊದಲು ಕೂಸಿನ ಮುಖವನ್ನೊಮ್ಮೆ ನೋಡಬೇಕು, ಒಂದು ಫೋಟೋ ಕಳಿಸು. ಅದೇ ಪಲ್ಟಣದ ಸಿಪಾಯಿಯೊಬ್ಬ ರಜೆಯ ಮೇಲೆ ಹಿರೇಕೆರೂರಿನ ತನ್ನ ಮನೆಗೆ ಬಂದಿದ್ದ. ಅವನು ಹೊರಡುವುದಕ್ಕೆ ಹನ್ನೆರಡು ದಿನ ಇತ್ತು. ಫೋಟೋ ಕೊಟ್ಟರೆ ಕೈಯಾರೆ ಮುಟ್ಟಿಸುತ್ತೇನೆಂದು ಹೇಳಿ ಕಳಿಸಿದ್ದ.

ಅಕ್ಕ ಅವತ್ತಿನಿಂದ ದಿನ ಎಣಿಸತೊಡಗಿದಳು. ಕೂಸಿಗೆ ಎರಡು ಅಂಗಿ ಹೊಲಿದಳು, ಯಾವುದು ಫೋಟೋದಲ್ಲಿ ಚೆನ್ನಾಗಿ ಬರುತ್ತದೋ ಎಂದು.

ಫೋಟೋ ತೆಗೆಯುವವರೆಂದರೆ ಸವಣೂರಿನ ಒಬ್ಬ ಮುದುಕ ಸಾಹೇಬರು. ಮನೆಯ ಹಿಂದೆ ಎಲೆಬಳ್ಳಿಯ ತೋಟ, ಮುಂದಿನ ಪಡಸಾಲೆಯಲ್ಲಿ ಮೂರು ಕಾಲಿನ ಮರದ ಕ್ಯಾಮೆರಾ, ಪೆಟ್ಟಿಗೆಯಲ್ಲಿ ಮಡಚುವ ಸಣ್ಣ ಕ್ಯಾಮೆರಾ ಒಂದು. ನಾನು ಹೋಗಿ ಕೇಳಿದಾಗ ಅವರು ಬರಿಗೈ ತೋರಿಸಿದರು.

"ಕ್ಯಾಮೆರಾ ಐತ್ರಿ, ಕಣ್ಣ ಐತಿ, ಫಿಲ್ಮ ಇಲ್ಲ. ಎಲ್ಲಾ ಲಡಾಯಿಗೆ ಹೋಗೇತಿ. ಹುಬ್ಬಳ್ಳ್ಯಾಗ ಸಿಕ್ಕರ ಒಂದ ರೋಲ ತರ್ರಿ, ಎಂಟು ಫೋಟೋ ಬರತಾವ. ಬಂದ ತಗದ ಕೊಡತೇನಿ."

ಹುಬ್ಬಳ್ಳಿಯಲ್ಲಿ ಐದಾರು ಅಂಗಡಿ ತಿರುಗಿದ ಮೇಲೆ ಒಬ್ಬ ಆಚೀಚೆ ನೋಡಿ, ಹಣದ ಗಲ್ಲೆಯ ಕೆಳಗಿನಿಂದ ಒಂದು ರೋಲು ತೆಗೆದ. ಪೆಟ್ರೋಲು ಸಿಗದ ಕಾಲ; ಮರಳುವಾಗ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು. ಪಕ್ಕದಲ್ಲಿ ಕೂತಿದ್ದ ಒಬ್ಬ ಕಾರಕೂನ, ಈಗ ಪೇಟೆಯಲ್ಲಿ ಬರೀ ಕಪ್ಪು ಕಾಗದ ಸುತ್ತಿದ ರೋಲುಗಳನ್ನು ಮಾರುತ್ತಾರೆ, ಒಳಗೆ ಫಿಲ್ಮೇ ಇರುವುದಿಲ್ಲ ಎಂದು ಹೇಳಿದ. ಅವನು ಹೇಳಿದನೋ, ಅಥವಾ ನಾನೇ ಹಾಗೆ ಊಹಿಸಿ ಆಮೇಲೆ ಅವನ ಬಾಯಿಗೆ ಹಾಕಿದೆನೋ ತಿಳಿಯದು. ಶಿಗ್ಗಾಂವಿಯಲ್ಲಿ ಇಳಿಯುವ ಹೊತ್ತಿಗೆ ನಾನು ಮೋಸ ಹೋಗಿದ್ದೇನೆ ಎಂಬುದು ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು.

ಅಂಗಳದಲ್ಲಿ ಎರಡು ಬಂಡಿ ನಿಂತಿದ್ದವು. ಹಮಾಲರು ಅಂಡಿಗೆ ಇಳಿಸುತ್ತಿದ್ದರು. ಅಪ್ಪ ನನ್ನ ಕೈ ನೋಡಿದರು.

"ಏನ ತಂದೀಯೋ?"

"ಫಿಲ್ಮರಿ. ಕೂಸಿನ ಫೋಟೋಕ್ಕ."

"ಒಳಗ ಐತೇನು?"

"ಐತಿ ಅಂತ ಹೇಳ್ಯಾನ್ರಿ ಅಂಗಡಿಯಾಂವ."

"ಹೇಳ್ಯಾನ! ಹಸಿ ಹತ್ತಿ ತರಾವರೂ ಒಣಗೇತಿ ಅಂತನ ಹೇಳ್ತಾರ. ಬೆರಳ ಹಾಕಿ ನೋಡಲಿಲ್ಲ?"

"ಬೆಳಕಿಗೆ ತಗದ್ರ ಕೆಡತೈತ್ರಿ ಅದು."

"ಬೆಳಕಿಗೆ ಕೆಡೂ ಮಾಲು ಒಂದ ಐತಿ ತಮ್ಮಾ," ಅಪ್ಪ ಹಮಾಲರ ಕಡೆ ತಿರುಗಿ ಹೇಳಿದರು, "ಕಳುವಿನ ಮಾಲು."

ಹಮಾಲರು ನಕ್ಕರು. ಇಲ್ಲಿಯವರೆಗಿನದು ನಡೆದಂತೆಯೇ ಇದೆ ಎಂದು ನಂಬುತ್ತೇನೆ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ನನ್ನ ನೆನಪಿನಲ್ಲಿ ಅಪ್ಪ ರೋಲನ್ನು ನನ್ನ ಕೈಯಿಂದ ತೆಗೆದುಕೊಂಡು, ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಬಿಡಿಸಿ, ಕಾಗದವನ್ನು ಎರಡೇ ಸುತ್ತು ಬಿಚ್ಚಿದರು. ಒಳಗೆ ಹಳದಿ ಬೂದು ಬಣ್ಣದ, ಕೆನೆಯಂಥ ಫಿಲ್ಮಿನ ಅಂಚು ಕಂಡಿತು. "ಐತಿ" ಎಂದು ಅಪ್ಪ ನನಗೆ ಮರಳಿ ಕೊಟ್ಟರು. ಅಕ್ಕನ ಪ್ರಕಾರ ಅಪ್ಪ ಮುಟ್ಟಲೇ ಇಲ್ಲ. ಹಮಾಲರು ನಕ್ಕದ್ದಕ್ಕೆ ನನಗೆ ರೋಷ ಬಂದು, "ನೋಡ್ರಿ ಹಂಗಾರ" ಎಂದು ನಾನೇ ಚೀಟಿ ಹರಿದೆ. ರೋಲು ಕೈಯಿಂದ ಜಾರಿ, ಹಾವಿನ ಮರಿಯಂತೆ ಬಿಚ್ಚಿಕೊಳ್ಳುತ್ತ ಬಂಡಿಯ ಗಾಲಿಯವರೆಗೆ ಉರುಳಿತು.

ಆ ಮೇಲೆ ಅದನ್ನು ಬಿಗಿಯಾಗಿ ಸುತ್ತಿ, ಹಿಟ್ಟು ಕುದಿಸಿ ಮಾಡಿದ ಅಂಟಿನಿಂದ ಚೀಟಿಯನ್ನು ಮೊದಲಿನಂತೆ ಹಚ್ಚಿದವನು ನಾನು. ಇದರಲ್ಲಿ ಇಬ್ಬರದೂ ಒಂದೇ ಮಾತು.

ನಾನು ಅಜ್ಞಾನಿಯಾಗಿರಲಿಲ್ಲ. ಫಿಲ್ಮಿನ ಮೇಲೆ ಬಳಿದ ಬೆಳ್ಳಿಯ ಲವಣ ಬೆಳಕು ತಾಗಿದ ಕ್ಷಣಕ್ಕೆ ಒಳಗೊಳಗೆ ಬದಲಾಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ, ಔಷಧದಲ್ಲಿ ಅದ್ದಿದಾಗ ಬೆಳಕು ತಾಗಿದ ಜಾಗವೆಲ್ಲ ಕಪ್ಪಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೂ ಸುತ್ತಿಟ್ಟ ರೋಲನ್ನು ನೋಡಿದರೆ ಅದು ಕೆಟ್ಟಿದೆ ಎನ್ನಿಸಲಿಲ್ಲ. ಹತ್ತಿ ತೊಯ್ದರೆ ಭಾರವಾಗುತ್ತದೆ, ಬೆಲ್ಲ ಕೆಟ್ಟರೆ ವಾಸನೆ ಬರುತ್ತದೆ. ಇದು ಮೊದಲಿನಷ್ಟೇ ಹಗುರ, ಮೊದಲಿನಷ್ಟೇ ಬಿಗಿ. ಹೆಚ್ಚೆಂದರೆ ಮೊದಲಿನ ಎರಡು ಚಿತ್ರ ಹೋಗಬಹುದು, ಇನ್ನು ಆರು ಉಳಿಯುತ್ತವೆ ಎಂದು ಲೆಕ್ಕ ಹಾಕಿ ಸುಮ್ಮನಾದೆ.

ಸಾಹೇಬರು ಎರಡು ದಿನ ಬಿಟ್ಟು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿದ್ದೆವು. ಅವರು ಅಲ್ಲಿ ರೋಲು ಹಾಕಲು ಒಪ್ಪಲಿಲ್ಲ. ಒಳಗಿನ ಕೋಣೆಯ ಮೂಲೆಗೆ ಹೋಗಿ, ಕಂಬಳಿ ಕೇಳಿ ಪಡೆದು, ಅದನ್ನು ತಲೆಯ ಮೇಲೆ ಹೊದ್ದುಕೊಂಡು ಕೂತರು. ಹೊದ್ದುಕೊಳ್ಳುವ ಮೊದಲು ರೋಲನ್ನು ಮೂಗಿನ ಹತ್ತಿರ ಹಿಡಿದು ನನ್ನ ಕಡೆ ನೋಡಿದರು.

"ಇದನ್ನ ಯಾರರ ಬಿಚ್ಚಿದ್ರೇನ್ರಿ?"

"ಇಲ್ಲ."

"ಕಂಪನಿಯವರು ಹಿಟ್ಟಿನ ಅಂಟ ಹಚ್ಚೂದಿಲ್ರಿ."

"ಹುಬ್ಬಳ್ಳಿ ಅಂಗಡಿಯಾಂವ ಹಂಗ ಕೊಟ್ಟ. ಲಡಾಯಿ ಕಾಲ. ಅವರೂ ಏನ ಸಿಕ್ಕತ್ತೋ ಅದನ್ನ ಹಚ್ಚಿರಬೇಕು."

ಅವರು ಕಂಬಳಿ ಎಳೆದುಕೊಂಡರು. ಕಂಬಳಿಯೊಳಗೆ ಅವರ ಕೈಗಳು ಏನೋ ಮಾಡುತ್ತಿದ್ದವು. ಕಟಕಟ ಸದ್ದು, ಒಂದಿಷ್ಟು ಹೊತ್ತು ಮೌನ, ಮತ್ತೆ ಕಟಕಟ. ಕಪ್ಪು ಕಾಗದದ ರೋಲಿಗೆ ಇಷ್ಟೆಲ್ಲ ಮುಚ್ಚುಮರೆ ಬೇಕೆ? ಒಳಗೆ ನಮ್ಮ ಹೊಸ ರೋಲು ಹೋಗಿ ಹಳೆಯದು ಬರುತ್ತಿದ್ದರೆ ಯಾರಿಗೆ ಗೊತ್ತು? ನಾನು ಕಂಬಳಿಯ ಅಂಚು ಎತ್ತಲು ಬಗ್ಗಿದೆ.

"ಬ್ಯಾಡ್ರಿ ಬಿ.ಎಸ್ಸಿ. ಸಾಹೇಬ್ರ," ಒಳಗಿನಿಂದಲೇ ದನಿ ಬಂತು. "ಕಾಗದ ಇದ್ರೂ ಅಂಚಿನ್ಯಾಗಿಂದ ಬೆಳಕು ನುಸುಳತೈತಿ. ನೀವು ನೋಡಿದಷ್ಟೂ ನಿಮ್ದ ಲುಕ್ಸಾನು."

ಸುಳ್ಳು ಹೇಳಿದವನು ನಾನು. ಕಳ್ಳನಂತೆ ಕಂಡದ್ದು ಕಂಬಳಿಯೊಳಗಿನ ಮನುಷ್ಯ. ಇದು ಹೇಗೆ ಸಾಧ್ಯವಾಯಿತೆಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ಮನೆಯಲ್ಲಿ ಮುಚ್ಚಿ ಮಾಡುವ ಕೆಲಸಕ್ಕೆ ಇದ್ದ ಅರ್ಥ ಒಂದೇ.

ಎಂಟು ಚಿತ್ರ ತೆಗೆದರು. ಅಕ್ಕನ ತೊಡೆಯ ಮೇಲೆ ಕೂಸು, ತೊಟ್ಟಿಲಲ್ಲಿ ಕೂಸು, ಅಪ್ಪನ ಪಟಗ ತಲೆಗೆ ಸುತ್ತಿಸಿಕೊಂಡ ಕೂಸು. ಅಕ್ಕ ಒಂದೊಂದಕ್ಕೂ ಅಂಗಿ ಬದಲಿಸಿದಳು.

ಸಿಪಾಯಿ ಹೊರಡಲು ಎರಡು ದಿನ ಇದೆ ಎನ್ನುವಾಗ ಸಾಹೇಬರು ಮತ್ತೆ ಬಂದರು. ಸಂತೆಯ ದಿನ. ಅಂಗಳದಲ್ಲಿ ರೈತರು, ಹಮಾಲರು ತುಂಬಿದ್ದರು. ಸಾಹೇಬರು ಜೇಬಿನಿಂದ ಒಣಗಿದ ಫಿಲ್ಮನ್ನು ತೆಗೆದು ಎತ್ತಿ ಹಿಡಿದರು. ಈ ತುದಿಯಿಂದ ಆ ತುದಿಯವರೆಗೆ ಕಪ್ಪು. ಬಿಸಿಲಿಗೆ ಹಿಡಿದರೂ ಅದರೊಳಗಿಂದ ಏನೂ ಕಾಣಲಿಲ್ಲ. ಅಕ್ಕ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು.

"ಒಂದೂ ಬಂದಿಲ್ಲೇನ್ರಿ ಕಾಕಾ?"

"ಇಲ್ಲ ಯವ್ವಾ."

ನಾನು ಬಾಯಿ ತೆರೆದೆ. ಏನೇನು ಹೇಳಿದೆನೋ ಎಲ್ಲ ನೆನಪಿಲ್ಲ. ನೆನಪಿಲ್ಲದಿರುವುದು ನನ್ನ ಅನುಕೂಲಕ್ಕೇ ಇರಬೇಕು. ಕಂಬಳಿಯೊಳಗೆ ನಮ್ಮ ರೋಲು ಬದಲಾಗಿದೆ, ಕೊಳೆತ ರೋಲು ತೊಳೆದು ತಂದಿದ್ದೀರಿ, ಹೊಸದನ್ನು ಯಾವ ದೊಡ್ಡ ಮನೆಯ ಮದುವೆಗೆ ಇಟ್ಟುಕೊಂಡಿದ್ದೀರಿ ಎಂದು ನೆರೆದವರೆಲ್ಲ ಕೇಳುವಂತೆ ಹೇಳಿದ್ದು ಮಾತ್ರ ನಿಜ. "ಮುಚ್ಚಿ ಮಾಡೂ ಕಸಬು!" ಎಂದು ಯಾರೋ ಹಿಂದಿನಿಂದ ಸೇರಿಸಿದರು.

ಸಾಹೇಬರು ಫಿಲ್ಮನ್ನು ಮಡಚಲಿಲ್ಲ, ಜೇಬಿಗೆ ಇಡಲೂ ಇಲ್ಲ.

"ನೀವು ಓದಿದಾವರು. ನಾ ಓದಿಲ್ಲ. ಆದ್ರ ಇಷ್ಟ ಗೊತ್ತೈತಿ. ಬೆಳಕು ಕಾಣದ ಫಿಲ್ಮ ಔಷಧದಾಗ ಹಾಕಿದ್ರ ಗಾಜಿನಂಗ ತಿಳೀ ಬರತೈತಿ. ಇದು ಕಾಡಿಗಿಯಂಗ ಬಂದೈತಿ. ಅಂದ್ರ ಹೊಟ್ಟಿ ತುಂಬ ಬೆಳಕ ಕುಡದೈತಿ. ಕ್ಯಾಮೆರಾ ಕೊಡೂದು ಒಂದ ಗುಟುಕು, ಕಣ್ಣ ಪಿಳಕಿಸೂದ್ರಾಗ ಮುಗೀತೈತಿ. ಆ ಒಂದ ಗುಟುಕಿನ್ಯಾಗ ಕೂಸಿನ ಮಾರಿ ಇರತೈತ್ರಿ. ಮದಲ ಬಿಸಿಲು ಕುಡಿಸಿಬಿಟ್ರ ಆ ಮಾರಿಗೆ ಜಾಗಾ ಎಲ್ಲಿ ಉಳೀತು? ಫಿಲ್ಮಿಗೆ ಇದು ಸೂರ್ಯಂದು, ಇದು ಕೂಸಿಂದು ಅಂತ ಬ್ಯಾರೆ ಮಾಡಾಕ ಬರೂದಿಲ್ಲ."

ಮುಂಬಯಿಯ ಪ್ರಾಧ್ಯಾಪಕರು ಎರಡು ತಾಸು ತೆಗೆದುಕೊಂಡು ಹೇಳಿದ್ದನ್ನು ಅವರು ನಿಂತ ಕಾಲಮೇಲೆ ಹೇಳಿದ್ದರು. ಅದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

"ಹುಬ್ಬಳ್ಳಿಯಾಂವ ಬಿಚ್ಚಿರಬೇಕು," ಎಂದೆ.

"ತಮ್ಮಾ, ಸಾಕ ಮಾಡು." ಅಕ್ಕನ ದನಿ ಜೋರಾಗಿರಲಿಲ್ಲ. "ಕಾಕಾ, ಅದು ನಮ್ಮ ಅಂಗಳದಾಗನ ಬಿಚ್ಚೇತ್ರಿ. ಈ ಬಾಗಲದಾಗ ನಿಂತು ನಾ ನೋಡೇನಿ. ಪೂರಾ ಬಿಚ್ಚಿತ್ತು, ಆ ಗಾಲಿ ತನಕಾ."

"ಮತ್ತ ಅವಾಗ ಯಾಕ ಹೇಳಲಿಲ್ಲ ನೀನು?" ನಾನು ಅವಳ ಮೇಲೆ ತಿರುಗಿಬಿದ್ದೆ.

"ನೀ ಓದಿದಾಂವ. ಕೆಡೂದಿದ್ರ ನೀನ ಹೇಳ್ತಿದ್ದಿ ಅಂತ ಸುಮ್ಮನಿದ್ದೆ."

ಅಪ್ಪ ಕೆಮ್ಮಿ, ಒಂದು ಅಂಡಿಗೆಯ ಹತ್ತಿರ ಹೋಗಿ ಅದರ ಹೊಲಿಗೆ ನೋಡುತ್ತ ನಿಂತರು.

ಸಾಹೇಬರು ಹೊರಟುಹೋಗಬಹುದಿತ್ತು. ಅಕ್ಕನ ಮುಖ ನೋಡಿಯೋ, ಹೆಗಲ ಮೇಲೆ ಮಲಗಿದ್ದ ಕೂಸನ್ನು ನೋಡಿಯೋ, ನಿಂತರು. ತಮ್ಮಲ್ಲಿ ಒಂದು ಗಾಜಿನ ಪ್ಲೇಟು ಇದೆ, ಫಿಲ್ಮಿನ ಬದಲು ದೊಡ್ಡ ಕ್ಯಾಮೆರಾಕ್ಕೆ ಹಾಕುವಂಥದ್ದು ಎಂದರು.

"ಲಡಾಯಿಗಿಂತ ಮದಲಿಂದು. ಬರತೈತೋ ಇಲ್ಲೋ ಅಲ್ಲಾ ಬಲ್ಲ. ಅದಕ್ಕ ಮದಲ ಹೇಳಲಿಲ್ಲ. ನಾಳೆ ಮುಂಜಾನೆ ತರತೇನಿ. ಆದ್ರ ಅದಕ್ಕ ರೋಲಿನಂಗ ಸುತ್ತಿದ ಕಾಗದ ಇಲ್ಲ, ಕವಚ ಇಲ್ಲ. ಡಬ್ಬಿಯಾಗಿಂದ ತಗದು ಕ್ಯಾಮೆರಾದ ಚೌಕಟ್ಟಿಗೆ ಹಾಕೂ ಮುಂದ ಒಂದ ಸೂಜಿಯಷ್ಟ ಬೆಳಕು ಬಿದ್ರೂ ಹೋತು. ಚೌಕಟ್ಟು ಸಡಲ ಐತಿ, ಮನ್ಯಾಗ ಹಾಕಿ ತಂದ್ರ ದಾರ್ಯಾಗ ಬೆಳಕು ನುಸುಳತೈತಿ, ಇಲ್ಲೇ ಕತ್ತಲಿ ಕೋಣಿ ಬೇಕು."

ಅವರಲ್ಲಿ ಮೊದಲಿನಿಂದಲೂ ಒಂದು ಪ್ಲೇಟು ಇತ್ತು, ಮುಚ್ಚಿಟ್ಟಿದ್ದರು ಎಂಬುದು ನನಗೆ ಆ ಕ್ಷಣದಲ್ಲೂ ಹೊಳೆಯಿತು. ನನ್ನ ಬುದ್ಧಿ ಆ ದಿಕ್ಕಿಗೆ ಹರಿಯುವುದು ನಿಲ್ಲಲೇ ಇಲ್ಲ.

ಮರುದಿನ ಮುಂಜಾನೆ ಸಾಹೇಬರು ಹತ್ತಿ ಇಡುವ ಕೋಣೆಯನ್ನು ಖಾಲಿ ಮಾಡಿಸಿದರು. ಕಿಟಕಿ ಇಲ್ಲದ ಕೋಣೆ. ಆದರೂ ಒಳಗೆ ನಿಂತು ಬಾಗಿಲು ಹಾಕಿದರೆ ಹಂಚಿನ ಸಂದಿಯಲ್ಲಿ, ಬಾಗಿಲ ಬಿರುಕಿನಲ್ಲಿ, ಕೀಲಿಯ ತೂತಿನಲ್ಲಿ ಬೆಳಕು ಕಾಣುತ್ತಿತ್ತು. ಅಕ್ಕ ಏಣಿ ಹತ್ತಿ ಒಂದೊಂದು ಸಂದಿಗೂ ಹತ್ತಿ ತುರುಕಿದಳು. ಸಾಹೇಬರು ಒಳಗೆ ಕೂತು, "ಅಲ್ಲೊಂದ ಚುಕ್ಕಿ, ಬಲಕ್ಕ, ಇನ್ನಾ ಬಲಕ್ಕ" ಎನ್ನುತ್ತಿದ್ದರು. ಕೊನೆಗೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಆಯಿತೆಂದ ಮೇಲೆ ಅವಳನ್ನು ಹೊರಗೆ ಕಳಿಸಿ ಒಳಗಿನಿಂದ ಅಗಳಿ ಹಾಕಿಕೊಂಡರು. ಗಾಜಿನ ಯಾವ ಮಗ್ಗುಲಿಗೆ ಬೆಳ್ಳಿಯ ಲವಣದ ಮಸಾಲೆ ಬಳಿದಿದೆ ಎಂಬುದನ್ನು ಅವರು ಕತ್ತಲಲ್ಲಿ ತುಟಿಯ ಅಂಚಿಗೆ ತಾಗಿಸಿ ತಿಳಿಯುತ್ತಿದ್ದರಂತೆ; ಮಸಾಲೆಯ ಮಗ್ಗುಲು ತುಟಿಗೆ ಹತ್ತುತ್ತದೆ.

ಬಾಗಿಲಿಗೆ ಅಡ್ಡಲಾಗಿ ಅಪ್ಪ ನಿಂತಿದ್ದರು. ಯಾರೂ ಅವರನ್ನು ಅಲ್ಲಿ ನಿಲ್ಲಿಸಿರಲಿಲ್ಲ. ಒಬ್ಬ ರೈತ ಬಂದು, "ಒಳಗ ಏನ ಮಾಡಾಕತ್ತಾರ್ರಿ ಸಾವ್ಕಾರ್ರ?" ಎಂದು ಬಾಗಿಲಿಗೆ ಕೈ ಚಾಚಿದ.

"ಹಿಂದಕ ಸರಿ," ಅಪ್ಪ ಗದರಿದರು. "ಎಲ್ಲಾದ್ರಾಗೂ ಬೆರಳ ಹಾಕಬಾರದು."

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಆ ಮಾತು ರೈತನಿಗೆ ಹೇಳಿದ್ದೋ, ನನಗೋ, ತಮಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. ಅಪ್ಪ ನನ್ನ ಕಡೆ ನೋಡಲಿಲ್ಲ.

ಅಕ್ಕ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೇವಿನ ನೆರಳಿನಲ್ಲಿ ಕೂತಳು. ಒಂದೇ ಚಿತ್ರ. ಮುಗಿಯಿತೆಂದು ಸಾಹೇಬರು ಹೇಳುವವರೆಗೂ ಅವಳು ಉಸಿರು ಬಿಟ್ಟಿರಲಿಲ್ಲ. ಪ್ಲೇಟನ್ನು ಅವರು ಸವಣೂರಿಗೆ ಒಯ್ದು ತೊಳೆದರು. ಮರುದಿನ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿ ಎರಡು ಪ್ರತಿ ತೆಗೆದುಕೊಂಡೆ. ಕ್ಷಮೆ ಕೇಳಿದೆ ಎಂದು ನನಗೆ ನೆನಪು. ಆದರೆ ಕೇಳಬೇಕೆಂದು ದಾರಿಯುದ್ದಕ್ಕೂ ಎಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದೆನೆಂದರೆ, ಆಡಿದ್ದು ಯಾವುದು, ಆಡಿಕೊಂಡದ್ದು ಯಾವುದು ಎಂದು ಈಗ ಬೇರ್ಪಡಿಸಲಾರೆ. ಅವರು ತೀರಿಕೊಂಡು ಬಹಳ ಕಾಲವಾಯಿತು.

ಒಂದು ಪ್ರತಿ ಅಕ್ಕನಿಗೆ ಉಳಿಯಿತು. ಇನ್ನೊಂದನ್ನು ಅವತ್ತೇ ಒಯ್ದು ಹಿರೇಕೆರೂರಿನಲ್ಲಿ ಸಿಪಾಯಿಯ ಕೈಗೆ ಕೊಟ್ಟೆ. ಅವನು ಗಂಟು ಕಟ್ಟುತ್ತಿದ್ದ. ಚಿತ್ರವನ್ನು ನೋಡದೆಯೇ ಟ್ರಂಕಿನ ಮುಚ್ಚಳದೊಳಗೆ ಸಿಕ್ಕಿಸಿದ. ಇವನು ಮುಟ್ಟಿಸುವುದಿಲ್ಲ, ಮೊದಲ ನಿಲ್ದಾಣದಲ್ಲೇ ಮರೆಯುತ್ತಾನೆ ಎಂದು ನನಗೆ ಅನ್ನಿಸಿತು. ಅಕ್ಕನಿಗೆ ಹೇಳಲಿಲ್ಲ. ನಾಲ್ಕು ತಿಂಗಳು ಭಾವನಿಂದ ಏನೂ ಬರಲಿಲ್ಲ. ಅಕ್ಕ ಟಪಾಲಿನವನು ಬರುವ ಹೊತ್ತಿಗೆ ಏನಾದರೊಂದು ಕೆಲಸ ಮಾಡಿಕೊಂಡು ಬಾಗಿಲಲ್ಲೇ ಇರುತ್ತಿದ್ದಳು.

ಐದನೆಯ ತಿಂಗಳು ಪತ್ರ ಬಂತು. ಫೋಟೋ ಮುಟ್ಟಿತೆಂದು ಓದಿ ಅಕ್ಕ ಅತ್ತಳು, ಮನೆಯವರೆಲ್ಲ ನಂಬಿದರು. ನಾನು ನಂಬಲಿಲ್ಲ. ಹೆಂಡತಿಯ ಸಮಾಧಾನಕ್ಕೆ ಯಾವ ಸಿಪಾಯಿಯಾದರೂ ಹಾಗೆ ಬರೆಯುತ್ತಾನೆ ಎಂದುಕೊಂಡೆ. ಆಗ ನಾನು ಕೇಳಿಸಿಕೊಂಡದ್ದು ಆ ಒಂದು ಸಾಲನ್ನು ಮಾತ್ರ. ಎಷ್ಟೋ ವರ್ಷಗಳ ಮೇಲೆ, ಹಾನಗಲ್ಲಿನ ಮನೆಯಲ್ಲಿ ಅಕ್ಕ ತನ್ನ ಪೆಟ್ಟಿಗೆ ತೆಗೆದಾಗ, ಆ ಪತ್ರವನ್ನೂ ಅವಳ ಪಾಲಿನ ಪ್ರತಿಯನ್ನೂ ಪಡೆದು ಪಕ್ಕಪಕ್ಕ ಇಟ್ಟು ನೋಡಿದೆ. ಕೂಸಿಗೆ ಎಡಗಾಲು ಎರಡೆರಡು ಯಾಕೆ ಬಂದಿವೆ, ಒದ್ದಾಡುತ್ತಿತ್ತೇ ಎಂದು ಭಾವ ಪತ್ರದಲ್ಲಿ ಕೇಳಿದ್ದರು. ಆ ಮಾತನ್ನು ನಮ್ಮ ಕಡೆಯಿಂದ ಯಾರೂ ಅವರಿಗೆ ಬರೆದಿರಲಿಲ್ಲ. ಅಕ್ಕನನ್ನು ಎರಡು ಸಲ ಕೇಳಿ ತಿಳಿದುಕೊಂಡೆ. ಹಳೆಯ ಪ್ಲೇಟು ನಿಧಾನವಾದದ್ದು, ಬೆಳಕು ಹೀರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅಲುಗಿದ್ದು ಕಲಸಿಹೋಗುತ್ತದೆ. ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ಭೂತಗನ್ನಡಿ ಹಿಡಿದೆ. ಎಡಗಾಲು ಎರಡಾಗಿಯೇ ಬಂದಿದೆ.